ಯಂತ್ರದ ಮೇಲಿನ ಹಾರ

ಉಪ್ಪಿನ ಚೀಲಕ್ಕೆ ಮೂರು ರೂಪಾಯಿ, ವಿಭೂತಿಗೆ ಹನ್ನೆರಡಾಣೆ, ಹೊದಿಸುವ ಬಿಳಿ ಬಟ್ಟೆಗೆ ನಾಲ್ಕು ರೂಪಾಯಿ. ಗುಂಡಿಯನ್ನು ಯಲ್ಲಪ್ಪನ ಅಣ್ಣತಮ್ಮಂದಿರೇ ತೋಡಿದ್ದರು. ಗೋಡೆಗೆ ಒರಗಿಸಿ ಕೂರಿಸಿದ್ದ ಸತ್ತ ಗಂಡನ ಹಣೆಗೆ ಶಿವಗಂಗವ್ವ ವಿಭೂತಿ ಹಚ್ಚುತ್ತಿದ್ದಾಗ ಅಯ್ಯನವರು ಹೊಸ್ತಿಲಾಚೆಯೇ ನಿಂತರು. ಜಂಗಮರಾದ ಅವರು ಶವದ ತಲೆಯ ಮೇಲೆ ಪಾದ ಇಡದೆ ಯಲ್ಲಪ್ಪನನ್ನು ಮಣ್ಣು ಮಾಡುವಂತಿರಲಿಲ್ಲ.

"ದೇವರ ಹಾರ ಕಿತ್ತೊಗದಾಂವ ಅಂತ ಇಡೀ ಮಮದಾಪುರ ಅಂತೈತಿ, ತಂಗಿ. ಹೆಂಗ ಪಾದ ಇಡ್ಲಿ?"

"ಕಲ್ಲಪ್ಪನ್ನ ಕೇಳ್ರಿ ಅಯ್ನಾರ. ಅಂವಾ ಅಲ್ಲೇ ಇದ್ದ."

ಗೋಕಾಕದ ಸೋಡಾ ಕಾರ್ಖಾನೆಯಲ್ಲಿ ಯಲ್ಲಪ್ಪನ ಕೈಕೆಳಗೆ ದುಡಿದಿದ್ದ ಕಲ್ಲಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ.

"ನಾ ಆ ಕಡೆ ಬಾಟ್ಲಿ ತೊಳ್ಯಾಕತ್ತಿದ್ನಿರಿ."

* * *

ಕಾರ್ಖಾನೆಯ ನೀರನ್ನು ತಣ್ಣಗೆ ಮಾಡುತ್ತಿದ್ದುದು ಹಿತ್ತಲ ಕಟ್ಟೆಯ ಮೇಲಿನ ಯಂತ್ರ. ಅದರ ಬಿಸಿ ಇಳಿಯಬೇಕಾದರೆ ಪಂಖ ಎಳೆದ ಗಾಳಿ ತೆಳು ತಗಡುಗಳ ಸಂದಿಯಲ್ಲಿ ಹಾಯಬೇಕು. ಸಂದಿಗೆ ಹತ್ತಿರದ ಗಿರಣಿಯಿಂದ ಹಾರಿ ಬಂದ ಹತ್ತಿಯ ಧೂಳು ಕೂತರೆ ಯಂತ್ರ ಏದುತ್ತಿತ್ತು. ೧೯೪೭ರಲ್ಲಿ ಸೇರಿದ ಯಲ್ಲಪ್ಪ ಹದಿನಾಲ್ಕು ವರ್ಷ, ಪ್ರತಿ ಅಮಾವಾಸ್ಯೆ, ಪಂಖ ನಿಲ್ಲಿಸಿ ಆ ಸಂದಿಗಳನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯುತ್ತಿದ್ದ. ಬಾಗಿದ ತಗಡು ನೆಟ್ಟಗೆ ಮಾಡುತ್ತಿದ್ದ. ಪೈಪಿನ ಕೂಡುಗಳಿಗೆ ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಎದ್ದಲ್ಲಿ ಗ್ಯಾಸು ಸೋರುತ್ತಿದೆ ಎಂದು ತಿಳಿದು ಬಿಗಿಯುತ್ತಿದ್ದ. ಯಂತ್ರ ಒಂದು ದಿನವೂ ಕೆಟ್ಟು ನಿಲ್ಲಲಿಲ್ಲ. ಹಾಗಾಗಿ ಅವನ ಕೆಲಸ ಯಾರ ಕಣ್ಣಿಗೂ ಬೀಳಲಿಲ್ಲ.

ಅಮಾವಾಸ್ಯೆಯ ಸಂಜೆ ಮಾಲಕ ಗುರುಲಿಂಗಪ್ಪ ಬಂದು ಯಂತ್ರದ ಪೂಜೆ ಮಾಡುತ್ತಿದ್ದ. ದಪ್ಪನೆಯ ಚೆಂಡುಹೂವಿನ ಹಾರವನ್ನು ಗಾಳಿ ಎಳೆಯುವ ಜಾಳಿಗೆಗೇ ಹಾಕುತ್ತಿದ್ದ. ಅವನು ಹೋದ ಮೇಲೆ ಯಲ್ಲಪ್ಪ ಕೈಮುಗಿದು, ಹಾರ ತೆಗೆದು, ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದ. ಹೋದ ವರ್ಷ ಒಂದು ಅಮಾವಾಸ್ಯೆ, ಮರೆತ ಚಸ್ಮಾ ಒಯ್ಯಲು ಮಾಲಕ ತಿರುಗಿ ಬಂದ.

"ದೇವರ ಹಾರಕ್ಕ ಕೈ ಹಚ್ತೀಯೇನಲೇ?"

"ಯಂತ್ರಕ್ಕ ಉಸರು ಕಟ್ಟತೈತ್ರಿ ಸಾವ್ಕಾರ್ರ, ಅದಕ."

"ಹದಿನಾಲ್ಕ ವರ್ಷ ನಡಿಸಿದ್ದು ದೇವರೋ, ನೀನೋ? ನಡಿ ಹೊರಗ!"

* * *

ಶಿವಗಂಗವ್ವ ಕಲ್ಲಪ್ಪನನ್ನು ಹಿತ್ತಲಿಗೆ ಕರೆದಳು.

"ಈಗ ಆ ಹಾರ ಯಾರು ತೆಗೀತಾರ?"

"ನಾನ ತೆಗೀತೇನಿ ವೈನಿ. ಬಾಗಲಾ ಹಾಕ್ಕೊಂಡು."

"ಹಂಗಾರ ಅಷ್ಟ ಹೇಳೊ, ಅಯ್ನಾರ ಮುಂದ."

"ನಾಕು ಮಕ್ಕಳದಾವು ನನಗ."

ಅವಳು ಒಳಗೆ ಹೋಗಿ ಗಂಡನ ಪಕ್ಕ ಕೂತಳು.

ಮಧ್ಯಾಹ್ನ ಗುರುಲಿಂಗಪ್ಪನ ಜೀಪು ಬಂತು. "ಹೊರಗ ಹಾಕಿದಾಂವನ ಮಣ್ಣಿಗೂ ಬಂದಾನ ನೋಡ್ರೆವಾ," ಎಂದು ನೆರೆಮನೆಯ ಪಾರವ್ವ ಸೆರಗು ಸರಿಮಾಡಿಕೊಂಡಳು. ಶಿವಗಂಗವ್ವ ಎದ್ದು ಅವನೆದುರು ಹೋಗಿ ನಿಂತಳು.

"ಸಾವ್ಕಾರ್ರ, ಒಂದ ಮಾತು ಹೇಳ್ರಿ. ಅವರು ಹಾರ ತೆಗದದ್ದು ನಿಮ್ಮ ಯಂತ್ರದ ಸಲುವಾಗಿ ಅಂತ. ಅಷ್ಟ ಸಾಕು."

ಗುರುಲಿಂಗಪ್ಪ ಅಂಗಳದ ಜನವನ್ನು ನೋಡಿದ. ಅಯ್ಯನವರನ್ನು ನೋಡಿದ. ಆಮೇಲೆ ಎರಡೂ ಕೈ ಎತ್ತಿದ.

"ಸತ್ತಾಂವನ ಮ್ಯಾಲ ಎಂಥಾ ಸಿಟ್ಟು? ಯಲ್ಲಪ್ಪಂದು ತಪ್ಪಾಗಿತ್ತು, ಖರೆ. ಇವತ್ತ ನಿಮ್ಮೆಲ್ಲಾರ ಮುಂದ ನಾ ಅದನ್ನ ಕ್ಷಮಾ ಮಾಡೇನಿ."

"ಏನ್ ದೊಡ್ಡ ಮನಸ್ರಿ!" ಎಂದರು ಯಾರೋ. ಅಯ್ಯನವರು ಹೊಸ್ತಿಲು ದಾಟಿ ಒಳಗೆ ಬಂದರು.

"ತಪ್ಪ ಮಾಡಿರಲಿಲ್ಲ ಅವರು..." ಶಿವಗಂಗವ್ವನ ದನಿ ಏಳುವಷ್ಟರಲ್ಲಿ ಪಾರವ್ವ ಅವಳ ಕೈ ಒತ್ತಿ ಹಿಡಿದಳು.

"ಸುಮ್ನಿರ ಯವ್ವಾ. ಪಾದ ಇಡಾಕತ್ತಾರ. ಮತ್ತ ತಿರುಗಿ ಹೋದಾರು."

ಶಿವಗಂಗವ್ವ ಪಕ್ಕಕ್ಕೆ ಸರಿದಳು; ಅಯ್ಯನವರು ಯಲ್ಲಪ್ಪನ ತಲೆಯ ಮೇಲೆ ಪಾದ ಇಟ್ಟರು.

ಗುಂಡಿ ಮುಚ್ಚಿದ ಮೇಲೆ ಜನ ಕೈಯ ಮಣ್ಣು ಒರೆಸಿಕೊಂಡು ಒಬ್ಬೊಬ್ಬರಾಗಿ ಗುರುಲಿಂಗಪ್ಪನ ಕಾಲಿಗೆ ಬಗ್ಗಿದರು. ಮೊದಲು ಬಗ್ಗಿದವನು ಕಲ್ಲಪ್ಪ. ಯಲ್ಲಪ್ಪನಿಗೆ ಮಣ್ಣು ಸಿಕ್ಕಿತ್ತು. ತಪ್ಪಿಲ್ಲದವನೆಂಬ ಹೆಸರು ಸಿಗಲಿಲ್ಲ.