ಎಡಗಾಲಿನ ಕಪ್ಪು ದಾರ

ಬಾಜೂಮನೆಯ ಗುಡ್ಡವ್ವ ತಂದುಕೊಟ್ಟ ಹುಣಸೆ ತೊಕ್ಕು ತಿಂದ ಮರುದಿನವೇ ಸೊಸೆ ಸತ್ತೆವ್ವನ ಎಡಗಾಲು ಬಾತದ್ದು ಕಣ್ಣಿಗೆ ಬಿತ್ತು. ಇದು ಗುಡ್ಡವ್ವನದೇ ಕೆಲಸ ಎನ್ನಲು ಕೆಂಪವ್ವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಸೊಸೆ ಏಳು ತಿಂಗಳ ಬಸುರಿ. ಮಗ ಯಲ್ಲಾರಿ ಗೋಕಾಕ ಫಾಲ್ಸಿನ ಗಿರಣಿಯಲ್ಲಿ. ನಾಗನೂರಿನ ಈ ಮನೆಯಲ್ಲಿ ಕಾವಲಿಗೆ ತಾನೊಬ್ಬಳೇ. ದೃಷ್ಟಿ ತಾಗದಿರಲೆಂದು ಸೊಸೆಯ ಎರಡೂ ಮೀನಖಂಡಗಳಿಗೆ ಒಂದೇ ಅಳತೆಯ ಕಪ್ಪು ದಾರವನ್ನು ಸಡಿಲವಾಗಿ ಕಟ್ಟಿದ್ದಳು. ಅದೂ ತಡೆಯಲಿಲ್ಲ. ಗಸಗಸ ತಿಕ್ಕಿದರೆ ಬಾವು ಇಳಿದೀತೆಂದು ಎಣ್ಣೆ ಕಾಯಿಸಲಿಟ್ಟಳು.

ಅಷ್ಟರಲ್ಲಿ ಗುಡ್ಡವ್ವ ಬಾಗಿಲಿಗೆ ಬಂದಳು. ಜೊತೆಗೆ ದವಾಖಾನೆಯ ನರ್ಸಬಾಯಿ ಉದ್ದವ್ವ.

"ತೊಕ್ಕೂ ನೀನ ತಂದಿ, ನರ್ಸಬಾಯಿನೂ ನೀನ ತಂದಿ. ಇನ್ನ ಏನ ತರೂದ ಉಳದೈತವ್ವಾ?" ಎಂದಳು ಕೆಂಪವ್ವ.

"ಅದ ತೊಕ್ಕ ನೀನೂ ಎರಡ ರೊಟ್ಟಿಗಿ ಹಚ್ಚಕೊಂಡ ತಿಂದಿಯಲ್ಲ! ನಿನ್ನ ಕಾಲ ಯಾಕ ಬಾತಿಲ್ಲ?" ಎಂದಳು ಗುಡ್ಡವ್ವ.

ಉದ್ದವ್ವ ಸೊಸೆಯ ಪಕ್ಕ ಕುಳಿತಳು. "ಯಾವಾಗಿಂದ ನೋವು, ತಂಗಿ?"

ಸತ್ತೆವ್ವ ಅತ್ತೆಯ ಮುಖ ನೋಡಿ ಸುಮ್ಮನಾದಳು. ತೊಕ್ಕಿನ ಬಗ್ಗೆ ಇಡೀ ಓಣಿಯನ್ನು ಕೇಳಿದ್ದ ಕೆಂಪವ್ವ ಇವಳನ್ನೊಬ್ಬಳನ್ನು ಕೇಳಿರಲಿಲ್ಲ. ಈಗ ತಾನೇ ಕೇಳಿದಳು: "ಹೇಳವ್ವಾ, ಯಾವಾಗಿಂದ?"

"ತೊಕ್ಕ ಬರೂ ಮೊದಲ ಸುರು ಆಗಿತ್ರಿ," ಎಂದಳು ಸತ್ತೆವ್ವ, ಮೆಲ್ಲಗೆ.

"ನೀವ ಕಟ್ಟಿದ ದಾರಾ ಮುಟ್ಟಿ ನೋಡ್ರಿ," ಎಂದಳು ಉದ್ದವ್ವ.

ಕೆಂಪವ್ವ ಬಗ್ಗಿದಳು. ಬಲಗಾಲಿನ ದಾರದಡಿ ಬೆರಳು ತೂರಿತು. ಎಡಗಾಲಿನ ದಾರ ಮಾಂಸದೊಳಗೆ ಕಚ್ಚಿತ್ತು. ಆ ಕಾಲು ಬೆಚ್ಚಗೂ ಇತ್ತು.

"ಬಸುರ್ಯಾಗ ರಕ್ತದಾಗ ಕೊಬ್ಬಿನ ಕಣ ಹೆಚ್ಚಾಗ್ತಾವ್ರಿ. ರಕ್ತ ಲಗೂನ ಹೆಪ್ಪೂ ಗಟ್ಟತೈತಿ. ಹೆರಿಗ್ಯಾಗ ಭಾಳ ರಕ್ತ ಹೋಗಬಾರದಂತ ಮೈ ಮಾಡಕೊಳ್ಳೂ ತಯಾರಿ ಅದು. ಒಮ್ಮೊಮ್ಮಿ ಆ ಹೆಪ್ಪು ಕಾಲಿನ ರಕ್ತನಾಳದಾಗ ನಿಂತಬಿಡತೈತಿ," ಎಂದಳು ಉದ್ದವ್ವ.

"ನಾ ತುಪ್ಪಾ ಹಾಕಿದ್ದಕ್ಕೇನ್ರಿ?" ಕೆಂಪವ್ವನ ಸಂಶಯ ಈಗ ತನ್ನ ಮೇಲೆಯೇ ತಿರುಗಿತ್ತು.

"ತುಪ್ಪದ್ದೂ ಅಲ್ಲ, ತೊಕ್ಕಿಂದೂ ಅಲ್ಲ. ಆದ್ರ ಆ ಎಣ್ಣಿ ಹಚ್ಚಿ ತಿಕ್ಕಿದ್ರ ಹೆಪ್ಪು ಕಿತ್ತು ಎದಿಗಿ ಹೋದೀತು. ತಾಯಿ-ಕೂಸು ಇಬ್ಬರ ಜೀವಕ್ಕೂ ಕುತ್ತು."

ಕೆಂಪವ್ವ ಎಣ್ಣೆಯ ಬಟ್ಟಲನ್ನು ಒಲೆಯಿಂದ ಇಳಿಸಿದಳು. ಕತ್ತರಿ ತಂದು ದಾರವನ್ನು ತಾನೇ ಕತ್ತರಿಸಿದಳು. ಆಮೇಲೆ, ಯಾರ ಮುಖವನ್ನೂ ನೋಡದೆ, "ಗುಡ್ಡವ್ವಾ, ನಿಮ್ಮ ಚಕ್ಕಡಿ ಹೂಡಸ್ತಿಯೇನ?" ಎಂದಳು.

"ಹೂಡಸ್ತೇನಿ. ಅದರಾಗ ತೊಕ್ಕಿನ ಗಡಿಗಿನೂ ಇಡ್ಲೇನ?"

ಗೋಕಾಕದ ದವಾಖಾನೆಯಲ್ಲಿ ಸೂಜಿಮದ್ದು ಕೊಟ್ಟರು. ಬಾವು ಇಳಿಯಿತು. ತಿಂಗಳು ತುಂಬಿ ಹೆಣ್ಣು ಕೂಸು ಹುಟ್ಟಿತು. ಬಾಣಂತಿ ಹೊರಸಿನಿಂದ ಇಳಿಯಬಾರದೆಂದು ಊರವರು ಹೇಳಿದರೂ, ಮತ್ತೆ ರಕ್ತ ಹೆಪ್ಪುಗಟ್ಟದಿರಲೆಂದು ಡಾಕ್ಟರು ಹೇಳಿದ ದಿನವೇ ಕೆಂಪವ್ವ ಸೊಸೆಯ ಕೈ ಹಿಡಿದು ಅಂಗಳದಲ್ಲಿ ನಡೆಸಿದಳು.

ನಿಮ್ಮ ಮನೆಯ ಬಸುರಿಗೋ ಬಾಣಂತಿಗೋ ಒಂದೇ ಕಾಲು ಬಾತು ನೋಯುತ್ತಿದ್ದರೆ ತಿಕ್ಕಬೇಡಿ, ಅದೇ ದಿನ ದವಾಖಾನೆಗೆ ಕರೆದೊಯ್ಯಿರಿ. ಉಸಿರು ಕಟ್ಟಿದರೆ ಒಂದು ಗಳಿಗೆಯನ್ನೂ ಕಳೆಯಬೇಡಿ. ನೆರೆಯವರನ್ನು ಸಂಶಯಿಸುವ ಮೊದಲು ಅವಳನ್ನೇ ಕೇಳಿ: ಎಲ್ಲಿ ನೋವು, ಯಾವಾಗಿನಿಂದ? ಅವಳು ಸುಮ್ಮನಿದ್ದರೆ, ಇನ್ನೊಮ್ಮೆ ಕೇಳಿ.