ಹದಿನೆಂಟು ತುಂಬದವರು

“ಅದಿನೇಳು ಅಂದ್ಯಲ್ಲೋ ಬೋಳಿಮಗ್ನೆ! ಇಲ್ಲಿ ಅದಿನೆಂಟ್ ತುಂಬಿ ಮೂರ್ ತಿಂಗ್ಳಾಗದಲ್ಲೋ!”

ಕಾಂತರಾಜು ಎಸೆದ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಜಗನ್‌ನ ಎದೆಗೆ ಬಡಿದು, ಟ್ರ್ಯಾಕ್ಟರ್ ಶೆಡ್ಡಿನ ನೆಲದಲ್ಲಿ ಡೀಸೆಲ್ ಚೆಲ್ಲಿದ್ದ ಕಡೆಯೇ ಬಿತ್ತು. ಜಗನ್ ಬಗ್ಗಿ ಎತ್ತಿಕೊಂಡು ಅಂಗಿಗೆ ಒರೆಸಿದ. ಒರೆಸಿದಷ್ಟೂ ಕಲೆ ಹರಡಿತು.

“ನಮ್ಮವ್ವ ಅದಿನೇಳು ಅಂತಾಳೆ ಕನಣ್ಣ.”

“ನಿಮ್ಮವ್ವ ಬಂದು ಕೋರ್ಟಲ್ಲಿ ಏಳ್ತಾಳೇನ್ಲಾ? ಲಾಯರ್ರು ಕೇಳೋದು ಕಾಗ್ದ. ಉಟ್ಟಿದ್ ವರ್ಸ ನೆಟ್ಗೆ ಬರ್ಸಕ್ ಬರಲ್ಲ, ಬೈಕ್ ಓಡ್ಸಕ್ ಬತ್ತವೆ ಬೇವರ್ಸಿಗಳು!”

ತಪ್ಪು ಎಲ್ಲಾಯಿತು ಅಂತ ಜಗನ್‌ಗೆ ಗೊತ್ತಿತ್ತು. ಅವನು ಮನೆಯಲ್ಲೇ ಹುಟ್ಟಿದ ಕೂಸು, ಚೀಟಿ ಗೀಟಿ ಏನೂ ಇರಲಿಲ್ಲ. ಐದು ತುಂಬುತ್ತಿದ್ದ ಹಾಗೆ ಅವ್ವ ರೋಜಾ ಅವನನ್ನು ಸ್ಕೂಲಿಗೆ ಎಳೆದುಕೊಂಡು ಹೋದಳು. ಅವಳು ಕಳೆ ಕೀಳಲು ಹೋದರೆ ಮಗನನ್ನು ನೋಡಿಕೊಳ್ಳುವವರು ಇರಲಿಲ್ಲ, ಸ್ಕೂಲಿನಲ್ಲಾದರೆ ಮಧ್ಯಾಹ್ನ ಅನ್ನವಾದರೂ ಸಿಗುತ್ತಿತ್ತು. ಹಳೇ ಕಾಲದ ದೇವಯ್ಯ ಮೇಷ್ಟ್ರು, “ಬಲಗೈನ ತಲೆ ಮೇಲಿಂದ ತಂದು ಎಡಗಿವಿ ಮುಟ್ಟೋ ಮರಿ, ಮುಟ್ಟುದ್ರೆ ಆರ್ ವರ್ಸ” ಅಂದರು. ಬೆರಳು ಕಿವಿಗೆ ಎರಡಂಗುಲ ದೂರದಲ್ಲಿ ನಿಂತಿತು. ಅವ್ವ ಹಿಂದಿನಿಂದ ತೋಳು ಹಿಡಿದು ಜಗ್ಗಿದಳು, ಮುಟ್ಟಿತು. ಮೇಷ್ಟ್ರು ನಕ್ಕು ಜೂನ್ ಒಂದು ಅಂತ ಬರೆದುಕೊಂಡರು. ಕೇರಿಯ ಅರ್ಧ ಜನ ಹುಟ್ಟಿರುವುದು ಜೂನ್ ಒಂದರಂದೇ. ಅಷ್ಟೊಂದು ಜನ ಒಂದೇ ದಿನ ಹೇಗೆ ಹುಟ್ಟಿದರು ಅಂತ ಸರ್ಕಾರ ಇವತ್ತಿಗೂ ಕೇಳಿಲ್ಲ.

ಕಾಂತರಾಜು ಎರಡು ಸಲ ಪಂಚಾಯ್ತಿ ಅಧ್ಯಕ್ಷನಾಗಿದ್ದವನು. ಹೊಳೆಯಿಂದ ಮರಳು ತೆಗೆಸುತ್ತಾನೆ. ಅದು ಊರಿಗೆಲ್ಲ ಗೊತ್ತು, ಕಣ್ಣಾರೆ ನೋಡಿದವರು ಮಾತ್ರ ಒಬ್ಬರೂ ಇಲ್ಲ. ಅವನ ಟ್ರ್ಯಾಕ್ಟರುಗಳಿಗಿಂತ ಮುಂದೆ ಬೈಕಿನಲ್ಲಿ ಹೋಗಿ, ನರಸೀಪುರದ ರಸ್ತೆಯಲ್ಲಿ ಪೊಲೀಸ್ ಜೀಪು ಕಂಡರೆ ಫೋನ್ ಮಾಡುವ ಹುಡುಗರಿಗೆ ಪೈಲಟ್ ಅಂತ ಹೆಸರು. ಆರು ಜನ ಪೈಲಟ್‌ಗಳು, ಆರೂ ಜನ ಕೇರಿಯವರು, ಆರೂ ಜನ ಹದಿನೆಂಟರ ಒಳಗಿನವರು. “ಅದಿನೆಂಟ್ ತುಂಬೋಗಂಟ ನೀವು ರಾಜ್ರು ಕಣ್ರಲಾ, ಒಬ್ ಪೊಲೀಸ್ನೋನೂ ನಿಮ್ ಕೂದ್ಲು ಮುಟ್ಟಂಗಿಲ್ಲ” ಅಂತ ಕಬಾಬ್ ತಿನ್ನಿಸುತ್ತ ಕಾಂತರಾಜು ಹೇಳಿದಾಗ ಹುಡುಗರಿಗೆ ರೆಕ್ಕೆ ಬಂದಿತ್ತು. ಜಗನ್ ಪಿಯುಸಿ ಬಿಟ್ಟ. ಅವ್ವ ಈ ಮನುಷ್ಯನ ಬಾಗಿಲಾಚೆ ನಿಂತು ‘ಬುದ್ಧಿ’ ಅನ್ನುತ್ತಿದ್ದಳು. ಮಗ ‘ಅಣ್ಣ’ ಅನ್ನುತ್ತಿದ್ದ, ಅವನ ಬೈಕನ್ನೇ ಓಡಿಸುತ್ತಿದ್ದ. ನಾವು ಎಷ್ಟು ದೂರ ಬಂದುಬಿಟ್ಟೆವು ಅಂತ ಅವನಿಗೆ ಒಳಗೊಳಗೇ ಜಂಬವಿತ್ತು.

ಆ ಜಂಬ ಸೋಮವಾರ ಸಂಜೆಯವರೆಗೆ ಇತ್ತು.

ಕೇರಿಯ ಮರಿಯಯ್ಯ ಹರಿಗೋಲಿನಲ್ಲಿ ಮೀನು ಹಿಡಿಯುವವನು. ಮರಳು ತೆಗೆದು ತೆಗೆದು ಹೊಳೆಯಲ್ಲಿ ಬಾವಿಯಂಥ ಗುಂಡಿಗಳಾಗಿದ್ದವು. ಬಟ್ಟೆ ಒಗೆಯಲು ಇಳಿದ ಹೆಂಗಸೊಬ್ಬಳು ಅದರಲ್ಲಿ ಮುಳುಗಿ ಸತ್ತಮೇಲೆ ಮುದುಕ ಸುಮ್ಮನಿರಲಾರದೆ ಅಧಿಕಾರಿಗಳಿಗೆ ಫೋನ್ ಮಾಡಿದ. ಒಂದು ಟ್ರ್ಯಾಕ್ಟರ್ ಸೀಜ್ ಆಯಿತು. “ಸುಮ್ಕೆ ಎದುರ್ಸಿ ಬರನ ಬಾರ್ಲಾ” ಅಂತ ಕಾಂತರಾಜುವಿನ ಮಗ ಪ್ರಸಾದ್ ಜಗನ್‌ನ ಬೈಕಿನ ಹಿಂದೆ ಹತ್ತಿದ. ಪ್ರಸಾದ್‌ಗೆ ಇಪ್ಪತ್ತೆರಡು. ಹೊಳೆದಂಡೆಯಲ್ಲಿ ಇಳಿದವನೇ ಅಂಗಿಯೊಳಗಿಂದ ಮಚ್ಚು ತೆಗೆದ. ಮೊದಲ ಏಟು ತೋಳಿಗೆ, ಎರಡನೆಯದು ತಲೆಗೆ. ಬೀಳುವ ಮುಂಚೆ ಮರಿಯಯ್ಯ ಪ್ರಸಾದ್‌ನ ಕಡೆ ನೋಡಲಿಲ್ಲ. ಬೈಕ್ ಆಫ್ ಮಾಡದೆ ಕೂತಿದ್ದ ಹುಡುಗನನ್ನು ನೋಡಿ, “ನೀನೇನ್ಲಾ ಜಗ?” ಅಂದ.

ಅವತ್ತಿನಿಂದ ಜಗನ್ ಕೂತಲ್ಲಿ ಕೂರುತ್ತಿಲ್ಲ. ಊಟಕ್ಕೆ ಕೂತರೂ ಕಾಲು ಅದರಷ್ಟಕ್ಕೆ ಅದು ಅಲುಗುತ್ತದೆ.

ಕಾಂತರಾಜು ಎಲ್ಲ ಯೋಚನೆ ಮಾಡಿಟ್ಟಿದ್ದ. ಮರಿಯಯ್ಯ ಮೈಸೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಯಾರು ಹೊಡೆದರು ಅಂತ ಹೇಳುವವರಿಲ್ಲ. ಪ್ರಸಾದ್‌ನ ಬದಲು ಜಗನ್ ಹೋಗಿ ಒಪ್ಪಿಕೊಂಡರೆ ವಯಸ್ಸು ಕಮ್ಮಿ, ಬಾಲಮಂದಿರದಲ್ಲಿ ಎರಡು ತಿಂಗಳು. ಕೇರಿಯವನನ್ನು ಕೇರಿಯವನೇ ಕಡಿದ ಅಂದಮೇಲೆ ಅಟ್ರಾಸಿಟಿ ಕೇಸೂ ಬೀಳುವುದಿಲ್ಲ. ಜಗನ್ ಒಪ್ಪಿಕೊಂಡಿದ್ದ. ಹೆದರಿಕೆಗೆ ಒಪ್ಪಿದನೋ, ‘ನೀನೇನ್ಲಾ ಜಗ’ ಅನ್ನುವುದು ಕಿವಿಯಿಂದ ಹೋಗಲಿ ಅಂತ ಒಪ್ಪಿದನೋ, ಅವನಿಗೇ ಗೊತ್ತಿರಲಿಲ್ಲ. ಲಾಯರ್ ವಯಸ್ಸಿನ ಕಾಗದ ಕೇಳಿದಾಗ ಎಲ್ಲ ಕೆಟ್ಟಿತು.

ಕಾಂತರಾಜು ಎಲೆಯಡಿಕೆ ಉಗಿದು ಬಂದು ಮತ್ತೆ ಕುರ್ಚಿಯಲ್ಲಿ ಕೂತ. ದನಿ ಇಳಿಸಿದ.

“ನಿನ್ ತಮ್ಮುಂಗೆಷ್ಟ್ಲಾ?”

“ಯಾಕಣ್ಣ?”

“ಕೇಳುದ್ಕೆ ಏಳು.”

“ಅದಿನಾಕು.”

“ಕಾಗ್ದದಲ್ಲಿ?”

ತಮ್ಮ ಸಿದ್ಧಾರ್ಥ ಹುಟ್ಟಿದ್ದು ಆಸ್ಪತ್ರೆಯಲ್ಲಿ. ದಿನ, ಗಂಟೆ, ತೂಕ ಎಲ್ಲ ಬರೆದ ಕಾರ್ಡು ಮನೆಯಲ್ಲಿತ್ತು. ಅವ್ವ ಅದನ್ನು ಬಾಬಾಸಾಹೇಬರ ಫೋಟೋದ ಹಿಂದೆ ಸಿಕ್ಕಿಸಿಟ್ಟಿದ್ದಳು. ಜಗನ್ ಮಾರ್ಕ್ಸ್ ಕಾರ್ಡನ್ನು ಮತ್ತೆ ಅಂಗಿಗೆ ಒರೆಸತೊಡಗಿದ.

“ನಾಳೆ ಬೆಳಿಗ್ಗೆ ಎಂಟ್ಗಂಟ್ಗೆ ಕಾರ್ ಕಳಿಸ್ತೀನಿ. ಸ್ಕೂಲ್ ಯೂನಿಫಾರಂ ಆಕ್ಸಿ ರೆಡಿ ಮಾಡು, ಇನ್ನೂ ಚಿಕ್ಕೋನಂಗ್ ಕಾಣ್ಲಿ. ಆ ಮುದ್ಕ ಕಣ್ ಬುಡೋ ಮುಂಚೆ ಆಗ್ಬೇಕು. ಮೊದ್ಲು ಯಾರ್ ಓಗಿ ಏಳ್ತಾರೋ ಅವರ್ದೇ ಕೇಸು, ಸ್ಟೇಷನ್ ರೈಟ್ರು ಏಳವ್ರೆ.”

“ಅವ್ನ್ ಬ್ಯಾಡ ಕನಣ್ಣ. ನಾನೇ ಓಯ್ತೀನಿ.”

“ನೀನ್ ಓದ್ರೆ ಅತ್ತ್ ವರ್ಸ ಕಣ್ಲಾ ಮುಂಡೇದೆ. ಅತ್ತ್ ವರ್ಸಕ್ ಓಗೋನು ಮೂರ್ನೇ ದಿನಕ್ಕೆ ನನ್ ಮಗನ್ ಎಸ್ರು ಏಳ್ತಾನೆ. ನಂಗೇನ್ ಗೊತ್ತಿಲ್ವಾ?”

ಜಗನ್ ಮನೆಗೆ ಬರುವ ಹೊತ್ತಿಗೆ ಸಿದ್ಧಾರ್ಥ ಕೈಗನ್ನಡಿ ಹಿಡಿದು ಕೂದಲು ಬಾಚುತ್ತಿದ್ದ. ಪ್ರಸಾದ್ ಸ್ಕೂಲಿನ ಹತ್ತಿರ ಹೋಗಿ ಎಲ್ಲ ಹೇಳಿಯಾಗಿತ್ತು. ಹುಡುಗನ ಮುಖದಲ್ಲಿ ಸಂತೋಷ ಕುಣಿಯುತ್ತಿತ್ತು.

“ಅಲ್ಲಿ ಟೀವಿ ಅದಂತೆ ಕಣೋ, ಕೇರಂ ಅದಂತೆ. ಬಂದ್ಮೇಕೆ ನಂಗೂ ಒಂದ್ ಬೈಕಂತೆ.”

“ಮರಿಯಯ್ಯ ದೊಡ್ಡಪ್ಪನ್ನ ನಾನೇ ಕಡ್ದೆ ಅಂತ ಏಳ್ತೀಯೇನ್ಲಾ ನೀನು?”

“ನೀನ್ ಏಳ್ತೀನಿ ಅಂತ ಒಪ್ಕಂಡಿರ್ನಿಲ್ವಾ?”

ಜಗನ್ ಕೆನ್ನೆಗೆ ಬಾರಿಸಿದ. ಸಿದ್ಧಾರ್ಥ ಅಳಲಿಲ್ಲ. ಕೆಳಗೆ ಬಿದ್ದ ಬಾಚಣಿಗೆ ಎತ್ತಿಕೊಂಡು ಮತ್ತೆ ಬಾಚಲು ಶುರುಮಾಡಿದ. ಅಣ್ಣನಾದವನು ಎರಡು ವರ್ಷದಿಂದ ಅದೇ ಕನ್ನಡಿ ಹಿಡಿದು ಅದೇ ಥರ ಬಾಚಿದ್ದ, ಅದೇ ಕಾಲರ್ ಎತ್ತಿದ್ದ. ಕಲಿಸಿದ್ದು ಪ್ರಸಾದ್ ಅಲ್ಲ.

ಆರು ಗಂಟೆಗೆ ನಂಜನಗೂಡಿನ ಫ್ಯಾಕ್ಟರಿ ವ್ಯಾನು ರೋಜಾಳನ್ನು ಇಳಿಸಿತು. ಅವಳು ಅಲ್ಲಿ ಕಂಟ್ರಾಕ್ಟಿನ ಮೇಲೆ ನೆಲ ಒರೆಸುವ ಕೆಲಸಕ್ಕೆ ಹೋಗುತ್ತಿದ್ದಳು. ಮಗ ಹೇಳಿದ್ದನ್ನೆಲ್ಲ ನಿಂತೇ ಕೇಳಿದಳು. ಊಟದ ಡಬ್ಬಿ ಕೆಳಗಿಡಲೂ ಇಲ್ಲ.

“ಓಗಿ ಬುದ್ಧಿ ಕಾಲ್ ಇಡ್ಕತೀನಿ” ಅಂದಳು.

“ಇನ್ನೂ ಬುದ್ಧಿ ಅಂತೀಯಲ್ಲವ್ವ, ನಾಚ್ಕೆ ಆಗಲ್ವಾ!”

“ನೀನ್ ಅಣ್ಣ ಅಂದ್ಯಲ್ಲ, ಏನ್ ಕೊಟ್ಟ?”

ಅರ್ಧ ಗಂಟೆಯಲ್ಲಿ ವಾಪಸ್ ಬಂದಳು. ಮುಖ ನೋಡಿದರೆ ಯಾರೋ ತುಳಿದು ಕಳಿಸಿದಂತಿತ್ತು. ಕಾಂತರಾಜು ಜಗಲಿಯಿಂದ ಇಳಿಯಲೂ ಇಲ್ಲವಂತೆ. “ಚಿಕ್ಕೋನ್ ಓದ್ರೆ ಎರಡ್ ತಿಂಗ್ಳು, ದೊಡ್ಡೋನ್ ಓದ್ರೆ ಅತ್ತ್ ವರ್ಸ. ಎರಡೂ ನೀನೇ ಎತ್ತಿರೋವು, ಯಾವ್ದ್ ಕಳುಸ್ತೀಯ ನೀನೇ ನೋಡ್ಕ ರೋಜಾ, ಅಂದ್ರು” ಅಂತ ಹೇಳಿ ಒಳಗೆ ಹೋದಳು. ಆಮೇಲೆ ಸಿದ್ಧಾರ್ಥನ ನೀಲಿ ಚಡ್ಡಿ, ಬಿಳಿ ಅಂಗಿ ತಂದು ಬಚ್ಚಲಕಲ್ಲಿನ ಮೇಲೆ ಹಾಕಿ, ಸೋಪು ಹಚ್ಚಿ ಉಜ್ಜಲು ಕೂತಳು.

ಅಂದರೆ ಅವ್ವ ಆರಿಸಿಕೊಂಡಾಗಿತ್ತು. ಉಳಿಸಿಕೊಂಡದ್ದು ತನ್ನನ್ನು. ಅದು ಜಗನ್‌ಗೆ ಕಾಂತರಾಜುವಿನ ಬೈಗುಳಕ್ಕಿಂತ ಜೋರಾಗಿ ಬಡಿಯಿತು. ರಾತ್ರಿಯೆಲ್ಲ ಬಾಗಿಲಿಗೂ ಬೀದಿಗೂ ತಿರುಗಿದ. ಒಂದು ಸಲ ಬೈಕ್ ಹತ್ತಿ, ಊರು ಬಿಟ್ಟು ಹೆಮ್ಮಿಗೆ ಕಡೆ ಹೋಗಿಬಿಡೋಣ ಅನ್ನಿಸಿತು. ಕೀಲಿ ಹಾಕಿ, ತಿರುಗಿಸದೆ ಇಳಿದ.

ಎಂಟಕ್ಕೆ ಬಿಳಿ ಕಾರು ಬಂತು. ಕಾಂತರಾಜು ಮುಂದೆ ಕೂತಿದ್ದ, ಪ್ರಸಾದ್ ಓಡಿಸುತ್ತಿದ್ದ. ಸಿದ್ಧಾರ್ಥ ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿ, ಬೆಲ್ಟು ಹಾಕಿ ನಿಂತಿದ್ದ. ರೋಜಾ ಬಾಗಿಲಿಗೆ ಒರಗಿದ್ದಳು. ಕಾಂತರಾಜು ಗಾಜು ಇಳಿಸಿ ಹುಡುಗನನ್ನು ಮೇಲಿಂದ ಕೆಳಗೆ ನೋಡಿದ.

“ಮೀಸೆ ಚಿಗುರಿಲ್ಲ, ಚೆನ್ನಾಗದೆ. ಏನಂತೀಯ, ಒಂದ್ಸಲ ಏಳು.”

ಸಿದ್ಧಾರ್ಥ ಎರಡೂ ಕೈ ಕಟ್ಟಿಕೊಂಡು, ತರಗತಿಯಲ್ಲಿ ಪದ್ಯ ಒಪ್ಪಿಸುವ ಹಾಗೆ ನೆಟ್ಟಗೆ ನಿಂತ. “ಮರಿಯಯ್ಯ ನಮ್ಮ ತಾಯಿಗೆ ಕೆಟ್ಟ ಮಾತು ಬೈದರು. ನನಗೆ ಕೋಪ ಬಂತು. ಮನೆಯಿಂದ ಮಚ್ಚು ತಂದು ಹೊಡೆದೆನು. ನನ್ನ ಜೊತೆ ಯಾರೂ ಇರಲಿಲ್ಲ.” ಹೇಳಿ ಮುಗಿಸಿ ಅಭ್ಯಾಸದ ಪ್ರಕಾರ ಕೂರಲು ಹೋದ. ಬೆಂಚಿಲ್ಲದ್ದು ನೆನಪಾಗಿ ನಿಂತ.

“ಭೇಷ್!” ಪ್ರಸಾದ್ ನಕ್ಕು ಹಿಂದಿನ ಬಾಗಿಲು ತೆಗೆದ. ಜಗನ್ ತಮ್ಮನ ತೋಳು ಹಿಡಿದ. “ಬುಡೋ, ನಾ ಓಯ್ತೀನಿ!” ಅಂತ ತಮ್ಮನೇ ಕೊಡವಿಕೊಂಡು ಒಳಗೆ ಹಾರಿದ. ಬಾಗಿಲು ಲಾಕ್ ಆಯಿತು.

ಜಗನ್‌ನ ಕಾಲುಗಳು ಆಗ ಓಡಿದವು. ಓಡಿದ್ದು ಕಾರಿನ ಹಿಂದೆಯಲ್ಲ. ಬೀದಿಯ ಮೊದಲ ಮನೆಗೆ, ಮರಿಯಯ್ಯನ ಮನೆಗೆ. ಮರಿಯಯ್ಯನ ಹೆಂಡತಿ ಚಲುವಮ್ಮ ಆಸ್ಪತ್ರೆಯಿಂದ ಬೆಳಗಿನ ಬಸ್ಸಿಗೆ ಬಂದು, ಗಂಜಿ ಕಾಯಿಸಿ, ಗಂಡನ ಪಂಚೆ ಮಡಚುತ್ತಿದ್ದಳು. ಸಮಾಧಾನಕ್ಕೆ ಬಂದ ಹೆಂಗಸರು ಸುತ್ತ ಕೂತಿದ್ದರು.

“ದೊಡ್ಡವ್ವ, ದೊಡ್ಡಪ್ಪನ್ನ ಕಡ್ದೋನು ಪ್ರಸಾದ. ಬೈಕಲ್ ಕರ್ಕಂಡೋಗಿದ್ದು ನಾನು.” ಉಸಿರು ಸಾಲಲಿಲ್ಲ, ಮತ್ತೆ ಎಳೆದುಕೊಂಡ. “ನಾನು ಬೈಕ್ ಮೇಲೇ ಕೂತಿದ್ದೆ. ಇಳೀನಿಲ್ಲ. ಅವುನ್ ಕೈ ಇಡೀನಿಲ್ಲ. ಈಗ ಸಿದ್ದುನ್ ಕರ್ಕಂಡೋಗ್ತಾವ್ರೆ, ಅವ್ನೇ ಕಡ್ದ ಅಂತ ಬರ್ಸಕೆ.”

ಪಂಚೆ ಚಲುವಮ್ಮನ ಕೈಯಿಂದ ಜಾರಿತು. ಅವಳು ಎದ್ದು ಬಂದು ಹೊಡೆದಳು, ಒಂದಲ್ಲ, ಕೈ ಸೋಲುವವರೆಗೆ. “ನನ್ ಮೊಲೆ ಆಲ್ ಕುಡ್ದಿದ್ಯಲ್ಲೋ ಸೂಳೆಮಗ್ನೆ, ನಿಮ್ಮವ್ವಂಗೆ ಜರ ಬಂದಾಗ!” ಜಗನ್ ಮುಖ ಅಡ್ಡ ಹಿಡಿಯಲಿಲ್ಲ. ಮೂರು ದಿನದಲ್ಲಿ ಮೊದಲ ಸಲ ಅವನ ಕಾಲು ಅಲುಗದೆ ನಿಂತಿತ್ತು. ಹೊಡೆದ ಕೈಯಲ್ಲೇ ಚಲುವಮ್ಮ ಅವನ ಮಣಿಕಟ್ಟು ಹಿಡಿದಳು.

“ಇದ್ನೇ ಸ್ಟೇಷನಲ್ ಏಳ್ತೀಯಾ?”

“ಏಳ್ತೀನಿ.”

“ನಿನ್ನೂ ಒಳಿಕ್ ಆಕ್ತಾರೆ.”

“ಆಕ್ಲಿ.” ಹತ್ತು ವರ್ಷ ಅಂದರೆ ಎಷ್ಟು ಅಂತ ಅವನಿಗೆ ಅಂದಾಜೇ ಸಿಗಲಿಲ್ಲ.

“ನಡಿ ಮತ್ತೆ.”

ಬೀದಿಗಿಳಿದಾಗ ಕಾರು ಆ ತುದಿಯಲ್ಲಿ ತಿರುಗಿಸಿಕೊಂಡು ಬರುತ್ತಿತ್ತು. ಕೇರಿಯಿಂದ ಆಚೆ ಹೋಗಲು ಇರುವುದು ನಾಲೆ ಏರಿಯ ಮೇಲಿನ ಒಂದು ಕಾರಷ್ಟೇ ಹಿಡಿಸುವ ಆ ಒಂದೇ ದಾರಿ, ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆಯ ಇಳಿಜಾರು. ಅಗಲ ಮಾಡಿಸಿಕೊಡಿ ಅಂತ ಕೇರಿಯವರು ಎರಡು ಸಲ ಅರ್ಜಿ ಕೊಟ್ಟಿದ್ದರು. ಎರಡು ಸಲವೂ ಅಧ್ಯಕ್ಷನಾಗಿದ್ದ ಕಾಂತರಾಜು ದುಡ್ಡು ಬಂದಿಲ್ಲ ಅಂದಿದ್ದ.

ಚಲುವಮ್ಮ ಜಗನ್‌ನನ್ನು ಹಿಡಿದುಕೊಂಡು ದಾರಿಯ ನಟ್ಟನಡುವೆ ನಡೆದಳು. ಕೂತಿದ್ದ ಹೆಂಗಸರು ಹಿಂದೆ ಬಂದರು. ನಾಟಿಗೆ ಹೊರಟವರು ಏನಂತ ಕೇಳಿದರು, ಕೇಳಿ ಸೇರಿಕೊಂಡರು. ಕೊನೆಗೆ ರೋಜಾ ಬಂದಳು. ಅವಳು ಎಲ್ಲರಿಗಿಂತ ಹಿಂದೆ, ಬಂಪರು ಸೀರೆಗೆ ತಾಗುವಷ್ಟು ಹತ್ತಿರ, ಕಾರಿನ ಮುಂದೆಯೇ ನಡೆದಳು.

ಪ್ರಸಾದ್ ಹಾರ್ನ್ ಒತ್ತಿದ. ಒತ್ತಿ ಹಿಡಿದ. ಕಾಂತರಾಜು ಕಿಟಕಿಯಿಂದ ತಲೆ ಹೊರಹಾಕಿ, “ಜರಗ್ರಲೇ ಸೂಳೆಮಕ್ಳಾ! ಅಟ್ಟಿಗೆ ಬೆಂಕಿ ಇಕ್ಬುಡ್ತೀನಿ!” ಅಂತ ಕೂಗಿದ. ಹಿಂದಿನ ಗಾಜಿಗೆ ಸಿದ್ಧಾರ್ಥ ಮುಖ ಒತ್ತಿಕೊಂಡಿದ್ದ. ಈಗ ಅವನು ಅಳುತ್ತಿದ್ದ. ಒಳಗಿನ ಅಳು ಹೊರಗೆ ಕೇಳುತ್ತಿರಲಿಲ್ಲ.

ಜಗನ್ ತಿರುಗಿ ನೋಡಿ, ಜೋರಾಗಿ ಹೆಜ್ಜೆ ಹಾಕಲು ಹೋದ. ಚಲುವಮ್ಮ ಮಣಿಕಟ್ಟು ಜಗ್ಗಿದಳು.

“ಮೆಲ್ಲುಕ್ ನಡಿಯೋ. ಸ್ಟೇಷನ್ ಇನ್ನೂ ನಾಕ್ ಮೈಲಿ ಅದೆ.”