ತಪಾಸಿನ ರಾಯರು

ವಾದಿರಾಜರಾಯರು ನೆಲವನ್ನು ನಂಬಿ ನಡೆದವರಲ್ಲ. ಎಡಗಾಲಿನ ಹೆಬ್ಬೆರಳಿನಿಂದ ಭೂಮಿಯನ್ನು ಮೊದಲು ಮೆಲ್ಲಗೆ ಒತ್ತಿ ನೋಡಿ, ಅದು ತಮ್ಮ ಭಾರವನ್ನು ತಡೆಯಲು ಯೋಗ್ಯವೆಂದು ಖಾತ್ರಿಯಾದ ಮೇಲೆಯೇ ಪೂರ್ಣಪಾದವನ್ನು ಊರುತ್ತಿದ್ದರು. ರಾಯಚೂರಿನ ಬೀದಿಗಳನ್ನು ಬಲ್ಲವರಿಗೆ ಇದು ವಿವೇಕವೆನಿಸೀತು. ಆದರೆ ಸ್ವಂತ ಮನೆಯ ಪಡಸಾಲೆಯಲ್ಲಿ, ತಾವೇ ಎದುರು ನಿಂತು ಹಾಸಿಸಿದ ಶಹಾಬಾದ್ ಕಲ್ಲಿನ ಮೇಲೂ ಅವರದು ಅದೇ ನಡಿಗೆ. ದೇವರ ಕೋಣೆಯಿಂದ ಊಟದ ಮಣೆಗೆ ಅವರು ಬಂದು ತಲುಪುವಷ್ಟರಲ್ಲಿ ಸಾರು ಆರಿರುತ್ತಿತ್ತು.

ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ದೇವದುರ್ಗ, ಮಾನ್ವಿ, ರಾಯಚೂರುಗಳ ತಕ್ಕಡಿಗಳನ್ನೆಲ್ಲ ಮೂವತ್ತು ವರ್ಷ ನಡುಗಿಸಿದವರು ಅವರು. ನಿವೃತ್ತಿಯ ದಿನ ಇಲಾಖೆ ಅವರನ್ನು ಬಿಟ್ಟಿತೇ ಹೊರತು ಅವರು ಖಾಕಿ ಕೋಟನ್ನು ಬಿಡಲಿಲ್ಲ. ಅದರ ಎಡಜೇಬಿನಲ್ಲಿ ಒಂದು ಲಾಳಾಕಾರದ ಅಯಸ್ಕಾಂತ. ತಕ್ಕಡಿಯ ತಟ್ಟೆಯಡಿ ಕಬ್ಬಿಣದ ಚೂರು ಅಂಟಿಸುವ ಕಿರಾಣಿಯವರನ್ನು ಹಿಡಿಯಲೆಂದು ಇಟ್ಟುಕೊಂಡದ್ದು, ಬರಬರುತ್ತ ಬದನೆಕಾಯಿಗೂ ತಾಗತೊಡಗಿತ್ತು. ಯಾವ ಸುದ್ದಿ ಹೇಳಿದರೂ, ಅದು ಮಳೆಯ ವಾರ್ತೆಯಿರಲಿ, ಮದುವೆಯ ಪ್ರಸ್ತಾಪವಿರಲಿ, ಅವರ ಉತ್ತರ ಒಂದೇ: “ತಪಾಸ್ ಆಗ್ಲಿ.” ಒಮ್ಮೆ ಅದೇ ಗಲ್ಲಿಯವನಾದ ನನ್ನೆದುರಿಗೇ ಅವರ ಪತ್ನಿ ಸತ್ಯಭಾಮಾಬಾಯಿಯವರು ಅಕ್ಕಿ ಆರಿಸುತ್ತ ಅಂದದ್ದುಂಟು: “ನನ್ನೊಬ್ಬಾಕೀನ್ನ ತಪಾಸ್ ಮಾಡದೆ ತಂದಾರ ನೋಡ್ರಿ. ಅದಕ್ಕs ಇಷ್ಟು ವರ್ಷ ಬಾಳಿಕಿ ಬಂದೀನಿ.”

ಹಳೆಯ ಸೈಕಲ್ಲೊಂದನ್ನು ಕೊಳ್ಳುವ ಮುನ್ನ ಅದರ ಮೇಲೆ ಒಂದು ಚೀಲ ಜೋಳ ಹೇರಿಕೊಂಡು ಮಾನ್ವಿಯಿಂದ ಪೋತ್ನಾಳದವರೆಗೆ ಹೋಗಿ ಬಂದವರು. ಬಂದ ಮೇಲೆ, ಸೈಕಲ್ ಗಟ್ಟಿ ಇದೆ, ಆದರೆ ಈಗ ಹೆಚ್ಚು ಹಳೆಯದಾಗಿದೆ ಎಂದು ಬೆಲೆ ಇಳಿಸಲು ಹೇಳಿದವರು. ಬಣ್ಣ ನೋಡಿ ಫ್ಯಾನು ಕೊಂಡು ನಾಲ್ಕು ಬೇಸಿಗೆ ಬೆವರಿದ ನನ್ನಂಥವನಿಗೆ ಅವರನ್ನು ಕಂಡರೆ ನಗುವೂ ಬರುತ್ತಿತ್ತು, ಒಳಗೊಳಗೆ ಭಯವೂ ಆಗುತ್ತಿತ್ತು.

ಅವರು ಹೆಮ್ಮೆಯಿಂದ ಮತ್ತೆ ಮತ್ತೆ ಹೇಳುತ್ತಿದ್ದ ಕತೆಯೊಂದಿತ್ತು. ಎಪ್ಪತ್ನಾಲ್ಕನೇ ಇಸವಿಯಲ್ಲಿಯೂ ದೇವದುರ್ಗದ ಸಂತೆಯಲ್ಲಿ ಕೆಲವರು ಕದ್ದುಮುಚ್ಚಿ ಹಳೆಯ ಸೇರಿನಲ್ಲಿಯೇ ಅಳೆಯುತ್ತಿದ್ದರು. ಅಲಸಂದಿ ಮಾರುವ ಜಂಬಮ್ಮನೆಂಬ ಮುದುಕಿಯ ಹಿತ್ತಾಳೆಯ ಸೇರನ್ನು ರಾಯರು ಜಪ್ತಿ ಮಾಡಿದರು. “ಯಪ್ಪಾ, ಇದು ನಮ್ಮತ್ತಿ ಸೇರು. ಇದರಾಗ ಅಳದದ್ದನ್ನ ಊರೆಲ್ಲಾ ಉಂಡದ, ಒಬ್ಬರರೆ ಕಡಿಮಿ ಅಂದಿಲ್ಲ,” ಎಂದಳಂತೆ ಆಕೆ. “ಯವ್ವಾ, ನಿಮ್ಮೂರಿಗೊಂದು, ಜಗತ್ತಿಗೊಂದು ಅಳತಿ ಇರಂಗಿಲ್ಲ. ಇನ್ನ ಮ್ಯಾಲೆ ಎಲ್ಲಾ ಕಡೀಗೂ ಒಂದs,” ಎಂದು ರಾಯರು ರಸೀದಿ ಬರೆದುಕೊಟ್ಟರು. ರಸೀದಿಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲವೆಂಬುದು ಕತೆಯ ಕೊನೆಯ ವಾಕ್ಯ.

ಇಂಥ ಸಂಶಯಾತ್ಮರು ಜಗತ್ತಿನಲ್ಲಿ ತಪಾಸಿಲ್ಲದೆ ಒಪ್ಪಿಕೊಂಡ ಗಂಡಸೆಂದರೆ ಅಲ್ಲಾಉದ್ದೀನ್ ಸಾಹೇಬರೊಬ್ಬರೇ. ಮಾನ್ವಿಯ ಕೋರ್ಟಿನಲ್ಲಿ ನಾಜರರಾಗಿದ್ದವರು. ಅಲ್ಲಿ ಶುರುವಾದ ಇಬ್ಬರ ಚದುರಂಗ, ಇಬ್ಬರೂ ರಾಯಚೂರಿಗೆ ಬಂದು ಒಂದೇ ಗಲ್ಲಿಯಲ್ಲಿ ನೆಲೆಸಿದ ಮೇಲೂ ಸಂಜೆ ನಾಲ್ಕರಿಂದ ಏಳರವರೆಗೆ ತಪ್ಪದೆ ನಡೆದಿತ್ತು. ಹದಿನೆಂಟು ವರ್ಷ, ಒಂದೇ ಮಣೆ. ಅವರದು ನಿಜಾಮರ ಕಾಲದಿಂದ ಈ ಸೀಮೆಯಲ್ಲಿ ರೂಢಿಯಾಗಿದ್ದ ಆಟ. ಪ್ಯಾದೆಗೆ, ಎಂದರೆ ಕಾಲಾಳಿಗೆ, ಯಾವಾಗಲೂ ಒಂದೇ ಮನೆ. ಬಾದಶಹನಿಗೆ ಮಾತ್ರ, ಎದುರಾಳಿ ಶಹ ಎಂದು ಚೆಕ್ ಕೊಡುವ ಮೊದಲು, ಆಟಕ್ಕೊಂದು ಸಲ ಕುದುರೆಯಂತೆ ನೆಗೆಯುವ ಹಕ್ಕು. ಆ ಒಂದು ನೆಗೆತವನ್ನು ಕಾಯ್ದಿಟ್ಟು ಬಳಸುವುದರಲ್ಲಿಯೇ ರಾಯರ ಸಮಸ್ತ ಪಾಂಡಿತ್ಯವಿತ್ತು.

ಎಂಬತ್ತೇಳರ ದೀಪಾವಳಿಯ ಹೊತ್ತಿಗೆ ಸಾಹೇಬರು ಸುದ್ದಿ ಹೇಳಿದರು: ಎರಡು ತಿಂಗಳಲ್ಲಿ ಅವರೂ ಪತ್ನಿ ಸುಗ್ರಾ ಬೇಗಂ ಅವರೂ ಮಗಳಿರುವ ಹೈದರಾಬಾದಿಗೆ ಹೋಗಿಬಿಡುತ್ತಾರೆ. ರಾಯರು ಅಂದು ‘ತಪಾಸ್ ಆಗ್ಲಿ’ ಎನ್ನಲಿಲ್ಲ. ಮರುದಿನದಿಂದ ಎದುರಾಳಿಯ ಶೋಧಕ್ಕೆ ಹೊರಟರು. ಗಲ್ಲಿಯ ನಾಲ್ವರು ಪರೀಕ್ಷೆಗೆ ಕೂತೆವು, ನಾಲ್ವರೂ ನಪಾಸಾದೆವು. ಮುಟ್ಟಿದ ಕಾಯಿಯನ್ನು ನಡೆಸದೆ ಮತ್ತೆ ಅಲ್ಲೇ ಇಟ್ಟೆನೆಂಬುದು ನನ್ನ ಮೇಲಿನ ಆರೋಪ. ಅಷ್ಟರಲ್ಲಿ ತೀನ್ ಕಂದೀಲ್ ಹತ್ತಿರ ರೇಡಿಯೋ ರಿಪೇರಿ ಮಾಡುವ ಮಾರೆಪ್ಪನ ಅಂಗಡಿಗೆ ಯಾರೋ ಬಳಸಿ ಬಿಟ್ಟ ಕಂಪ್ಯೂಟರೊಂದು ಬಂದಿದೆ, ಅಗ್ಗದ್ದು, ಅದು ಚದುರಂಗ ಆಡುತ್ತದೆ ಎಂಬ ವಾರ್ತೆ ಬಂತು.

ಮೂರು ದಿನದ ತಪಾಸಿಗೆ ನಾನು ಸಾಕ್ಷಿ. ಯಂತ್ರವೆಂದರೆ ಊದುಗಡ್ಡಿಯ ದೊಡ್ಡ ಡಬ್ಬಿಯಷ್ಟು. ಮೇಲೆ ರಬ್ಬರಿನ ಗುಂಡಿಗಳು. ಅದನ್ನು ಟಿವಿಗೆ ಜೋಡಿಸಿ, ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿ ಆಟವನ್ನು ತುಂಬಬೇಕು. ಮೊದಲ ದಿನ ರಾಯರು ಅಭ್ಯಾಸಬಲದಿಂದ ಅಯಸ್ಕಾಂತ ತೆಗೆದು ಎಲ್ಲಕ್ಕೂ ತಾಗಿಸುತ್ತ ಬಂದು, ಕ್ಯಾಸೆಟ್ಟಿನ ಮೇಲೆ ತುಸು ಹೆಚ್ಚು ಹೊತ್ತು ಒರೆಸಿದರು. ಆಟ ಅಳಿಸಿಹೋಯಿತು. ಮಾರೆಪ್ಪ ತಲೆಯ ಮೇಲೆ ಕೈಯಿಟ್ಟು, “ರಾಯರ, ನೀವು ತಪಾಸ್ ಮಾಡಲಿಲ್ರಿ, ಜೀವಾನೇ ತಗದ್ರಿ,” ಎಂದ. ಪುಣ್ಯಕ್ಕೆ ಅವನಲ್ಲಿ ಇನ್ನೊಂದು ಪ್ರತಿಯಿತ್ತು. ಎರಡನೆಯ ದಿನ ಅದೇ ನಡೆಗಳನ್ನು ಮೂರು ಸಲ ಆಡಿ, ಯಂತ್ರ ಮಾತು ಬದಲಿಸುತ್ತದೆಯೇ ಎಂದು ನೋಡಿದರು. ನಡುವೆ ಎರಡು ಸಲ ಕರೆಂಟು ಹೋಗಿ, ಎರಡು ಸಲವೂ ಮೊದಲಿನಿಂದ ತುಂಬಬೇಕಾಯಿತು. ಶಕ್ತಿನಗರದಲ್ಲಿ ನಾಡಿಗೆಲ್ಲ ವಿದ್ಯುತ್ತು ಕಾಯಿಸುವ ನಮ್ಮ ಜಿಲ್ಲೆಯ ಔದಾರ್ಯ ಅಂಥದ್ದು.

ಮೂರನೆಯ ದಿನ ಅಲ್ಲಾಉದ್ದೀನ್ ಸಾಹೇಬರನ್ನೇ ಕರೆತಂದರು. ರಾಯರು ಹೇಳುವುದು, ಮಾರೆಪ್ಪ ಗುಂಡಿ ಒತ್ತುವುದು. ಯಂತ್ರ ಮೊದಲ ನಡೆಗೇ ಪ್ಯಾದೆಯನ್ನು ಎರಡು ಮನೆ ನಡೆಸಿತು. ರಾಯರು ಹುಬ್ಬು ಗಂಟಿಕ್ಕಿ ಸಹಿಸಿಕೊಂಡರು. ಹದಿನಾಲ್ಕನೆಯ ನಡೆಗೆ ಅವರ ಬಾದಶಹ ಇಕ್ಕಟ್ಟಿನಲ್ಲಿದ್ದ. ರಾಯರು ಕೋಟಿನ ಗುಂಡಿ ಬಿಚ್ಚಿ, ನಮ್ಮೆಲ್ಲರನ್ನೂ ಒಮ್ಮೆ ನೋಡಿ, ನೆಗೆತವನ್ನು ಘೋಷಿಸಿದರು. ಯಂತ್ರ ಕೀರೆಂದು ಒದರಿ ಸುಮ್ಮನಾಯಿತು. ಮತ್ತೆ ಒತ್ತಿದರೆ ಮತ್ತೆ ಕೀರು.

“ಬಾದಶಾ ಒಂದs ಮನಿ ಹೋಗಬೇಕಂತದ ರೀ ಇದು,” ಎಂದ ಮಾರೆಪ್ಪ.

“ಅಂದ್ರ ಕೆಟ್ಟದ.”

“ಕೆಟ್ಟಿಲ್ರಿ. ಇಡೀ ಜಗತ್ತಿನಾಗ ಹಿಂಗs ಆಡ್ತಾರಂತ.”

“ಜಗತ್ತಿಗೆ ಆಟ ಬರಂಗಿಲ್ಲ,” ಎಂದರು ರಾಯರು. “ಪ್ಯಾದೆಗೆ ಎರಡು ಮನಿ, ಬಾದಶಾಗ ಒಂದು. ಇದು ಯಾವ ಸರಕಾರ?” ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು.

ಸಾಹೇಬರು ವೀಳ್ಯದೆಲೆ ಮಡಿಸುವುದನ್ನು ನಿಲ್ಲಿಸದೆ ಮೆಲ್ಲಗೆ ಕೇಳಿದರು: “ರಾಯರ, ಆ ಮುದುಕಿ ಸೇರು ನೀವು ಏನಂತ ಹೇಳಿ ಕಸಗೊಂಡಿದ್ರಿ?”

ಆ ಕತೆಯನ್ನು ಸಾಹೇಬರು ನೂರು ಸಲ ಕೇಳಿದ್ದರು. ರಾಯರು ಅದನ್ನು ಕೇಳಿಸಿಕೊಂಡದ್ದು ಅಂದೇ ಮೊದಲು. ಆಮೇಲೆ ಎಡಗಾಲಿನ ಹೆಬ್ಬೆರಳಿನಿಂದ ಅಂಗಡಿಯ ನೆಲವನ್ನು ಒತ್ತಿ, ಹಿಂದಿರುಗಿ ಬಂದು ಕೂತು, “ಬಾದಶಾಗ ಒಂದು ಮನಿ ಬಲಕ್ಕ ನಡಸು ಮಾರೆಪ್ಪಾ,” ಎಂದರು. ಆರು ನಡೆಗಳಲ್ಲಿ ಸೋತರು. ಸೋತ ಮೇಲೆ, “ಮಷೀನ್ ಬರೋಬ್ಬರಿ ಅದ. ಬಿಲ್ ಬರಿ,” ಎಂದರು.

ಆ ಎರಡು ತಿಂಗಳು ಬೆಳಿಗ್ಗೆ ಯಂತ್ರ, ಸಂಜೆ ಸಾಹೇಬರು. ಸಾಹೇಬರಿಗೂ ಹೊಸ ಕಾಯಿದೆ ಕಲಿಸಿದರೆ ತಮಗೆ ರೂಢಿಯಾದೀತೆಂದು ರಾಯರು ಕೇಳಿ ನೋಡಿದರು. “ಆ ಆಟ ಅದರ ಕೂಡ ಆಡ್ರಿ. ನಾ ಇರೋತನಕ ನಿಮ್ಮ ಬಾದಶಾ ನೆಗೀಲಿ,” ಎಂದರಂತೆ ಅವರು. ಹೈದರಾಬಾದಿನ ಬಸ್ಸು ಹೊರಟ ದಿನ ರಾಯರು ಮನೆಗೆ ಬಂದು, ನಾಲ್ಕು ಗಂಟೆಗೆ ಸರಿಯಾಗಿ ಟಿವಿ ಹಚ್ಚಿದರೆಂದು ಸತ್ಯಭಾಮಾಬಾಯಿಯವರು ಹೇಳಿದರು. ಅವರ ದನಿಯಲ್ಲಿ ಅಂದು ಹಾಸ್ಯವಿರಲಿಲ್ಲ.

ಸಂಕ್ರಾಂತಿಗೆ ಎಳ್ಳು ಕೊಡಲು ಹೋದಾಗ ರಾಯರು ಪರದೆಯಿಂದ ಕಣ್ಣು ತೆಗೆಯದೆಯೇ ನನಗೆ ಕೂರಲು ಹೇಳಿದರು. ಪಕ್ಕದ ನೋಟುಪುಸ್ತಕದಲ್ಲಿ ಪ್ರತಿಯೊಂದು ಸೋಲೂ ದಿನಾಂಕ ಸಹಿತ ದುಂಡಾದ ಅಕ್ಷರಗಳಲ್ಲಿತ್ತು; ಗೆಲುವಿನ ಅಂಕಣ ಖಾಲಿ. ನಾನು ಸಮಾಧಾನಕ್ಕೆ ಏನೋ ಹೇಳಹೊರಟೆ. ಅವರು ಕೈಯೆತ್ತಿ ತಡೆದರು.

“ಹ್ವಾದ ವಾರ ಹತ್ತೊಂಬತ್ತನೇ ನಡಿಗೆ ಸೋತಿದ್ದೆ. ನಿನ್ನಿ ಇಪ್ಪತ್ತೇಳಕ್ಕ.”

ಸಂಶಯದ ಮನುಷ್ಯರನ್ನು ಕಂಡು ನಾವು ನಗುತ್ತೇವೆ, ಏಕೆಂದರೆ ನಂಬುವುದು ನಮಗೆ ಬಹಳ ಸುಲಭ. ನಂಬಿದ ಮೇಲೆ ನಾವು ಏನನ್ನೂ ಬದಲಿಸಬೇಕಾಗಿಲ್ಲವಲ್ಲ. ಇಂಥವರು ಒಪ್ಪುವುದು ತಡ. ಲೋಕದ ತಾಳ್ಮೆಯನ್ನೂ ಮನೆಯವರ ತಾಳ್ಮೆಯನ್ನೂ ಸವೆಸಿ, ಇದ್ದ ಜಂಭವನ್ನೆಲ್ಲ ಮೆರೆದು, ಕಟ್ಟಕಡೆಗೆ ಒಪ್ಪುತ್ತಾರೆ. ಆದರೆ ಒಮ್ಮೆ ಒಪ್ಪಿದರೆಂದರೆ, ಅರವತ್ತೆರಡರ ವಯಸ್ಸಿನಲ್ಲಿ, ತಮಗೆ ಅತ್ಯಂತ ಪ್ರಿಯವಾದದ್ದನ್ನೇ ಕಾಯಿದೆ ಹೊರಗಿಟ್ಟ ಆಟಕ್ಕೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ದಿನಕ್ಕೊಂದು ಸಲ ಸೋಲಬಲ್ಲರು.